ದೊರೆಯ ಕೊನೆಯ ಸವಾರಿಯೂ ದೌಡಣ್ಣನ ಬಾಯಿಯೂ

ದೊರೆ ತೀರಿಕೊಂಡ ಸುದ್ದಿ ಬಂದಾಗ ದೌಡಣ್ಣ ರೇಸ್ ಮೈದಾನದ ಕಾಮೆಂಟರಿ ಗೂಡಿನಲ್ಲಿ ಕೂತು, ದುರ್ಬೀನು ಕಣ್ಣಿಗೆ ಒತ್ತಿಕೊಂಡು, ಕುದುರೆಗಳನ್ನು ದೊಡ್ಡ ತಿರುವು ದಾಟಿಸುತ್ತಿದ್ದ. ಹಿಂದಿನಿಂದ ಯಾರೋ ಬಂದು ಮೈಕಿನ ಸ್ವಿಚ್ಚು ಆರಿಸಿದರು. ಮೈದಾನದ ಮ್ಯಾನೇಜರು. ಅವರ ಮುಖ ಸುಣ್ಣ ಬಳಿದಂತಾಗಿತ್ತು.

"ದೊರೆ ಹೋಗ್ಬಿಟ್ರು," ಅಂದರು.

"ಈ ಓಟದಲ್ಲಿ ಆ ಹೆಸರಿನ ಕುದುರೆನೇ ಇಲ್ವಲ್ಲ ಸಾರ್," ಅಂದ ದೌಡಣ್ಣ, ದುರ್ಬೀನು ಇಳಿಸದೆ.

ಮ್ಯಾನೇಜರು ಕಿಟಕಿಯಾಚೆ ಕೈ ತೋರಿಸಿದರು. ಮೈದಾನದ ಬಾವುಟ ಅರ್ಧ ಕಂಬಕ್ಕೆ ಇಳಿಯುತ್ತಿತ್ತು. ಕೆಳಗೆ ಕುದುರೆಗಳು ಮಾತ್ರ, ಅವುಗಳಿಗೆ ಯಾರೂ ಹೇಳಿರದ ಕಾರಣ, ತಮ್ಮ ಪಾಡಿಗೆ ತಾವು ಓಡುತ್ತಿದ್ದವು. ಬಾಯಿಗೆ ಬಂದ ಓಟವನ್ನು ದೌಡಣ್ಣ ಅರ್ಧಕ್ಕೇ ನುಂಗಿದ್ದು ಜೀವಮಾನದಲ್ಲಿ ಅದೇ ಮೊದಲು. ಅದು ಎದೆಯಲ್ಲೆಲ್ಲೋ ಸಿಕ್ಕಿಕೊಂಡಂತಾಗಿ ಮನೆ ಮುಟ್ಟುವವರೆಗೂ ಕೆಮ್ಮಿದ.

ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ರೇಡಿಯೋ ಇರಲಿ, ಟೀವಿ ಇರಲಿ, ರೇಸು ಬಂತೆಂದರೆ ಅವನದೇ ದನಿ. ಕುದುರೆಗಿಂತ ಅರ್ಧ ಅಡಿ ಮುಂದೆ ಅವನ ಮಾತು ಓಡುತ್ತದೆ ಎಂಬುದು ಜನರ ಲೆಕ್ಕಾಚಾರ. ಕಷ್ಟವೆಂದರೆ ಆ ವೇಗ ಮೈದಾನದಲ್ಲಿ ಉಳಿಯುತ್ತಿರಲಿಲ್ಲ, ಅವನ ಜೊತೆಗೇ ಬಸ್ಸು ಹತ್ತಿ ಮನೆಗೆ ಬರುತ್ತಿತ್ತು. ಊಟಕ್ಕೆ ಕೂತರೆ "ಉಪ್ಪುನೀರುಚಮಚ" ಎಂದು ಒಂದೇ ಪದದಲ್ಲಿ ಕೇಳುತ್ತಿದ್ದ. ಹೆಂಡತಿಯನ್ನು ಮದುವೆಗೆ ಒಪ್ಪಿಸಿದ್ದೂ ಹೀಗೆಯೇ. ಬಸ್ ನಿಲ್ದಾಣದಲ್ಲಿ ನಿಂತಿದ್ದವಳ ಹತ್ತಿರ ಹೋಗಿ ಏನೋ ಬಡಬಡಿಸಿದ. ಬಸ್ಸು ಬರುತ್ತಾ ಎಂದು ಕೇಳುತ್ತಿದ್ದಾನೆಂದುಕೊಂಡು ಅವಳು "ಹೂಂ, ಬರುತ್ತೆ, ಬರುತ್ತೆ" ಅಂದಳು. ತಾನು ಒಪ್ಪಿದ್ದು ಏನನ್ನು ಎಂದು ಅವಳಿಗೆ ತಿಳಿದದ್ದು ಮುಂದಿನ ವಾರ, ಅವನು ಅಪ್ಪ ಅಮ್ಮನನ್ನು ಕರೆದುಕೊಂಡು ಅವಳ ಮನೆ ಬಾಗಿಲಲ್ಲಿ ನಿಂತಾಗ. ಅಷ್ಟು ದೂರ ಬಂದವರನ್ನು ವಾಪಸು ಕಳಿಸುವುದು ಹೇಗೆ ಎಂದು ಮದುವೆಯಾದೆ ಎನ್ನುವುದು ಅವಳ ಇವತ್ತಿನ ವಿವರಣೆ.

ಆ ವಾರ ನಗರಕ್ಕೆ ನಗರವೇ ಸೂತಕದ ಮುಖ ಹಾಕಿಕೊಂಡಿತು. ಮೊಬೈಲು ಇನ್ನೂ ಬಂದಿರದ ಕಾಲ, ಇದ್ದದ್ದು ಒಂದೇ ಸರ್ಕಾರಿ ಚಾನೆಲ್ಲು. ಅದು ಬಣ್ಣ ತೆಗೆದುಹಾಕಿ ಕಪ್ಪು-ಬಿಳುಪಾಯಿತು. ಹವಾಮಾನ ಓದುವ ಹುಡುಗಿ ಕಪ್ಪು ಬಟ್ಟೆ ತೊಟ್ಟು, "ನಾಳೆ ಬಿಸಿಲು ಇರುತ್ತದೆ ಎಂದು ತಿಳಿಸಲು ವಿಷಾದಿಸುತ್ತೇವೆ" ಅಂದಳು. ಹಾಸಿಗೆ ಮಾರುವ ಕಂಪನಿಯೊಂದು ಪತ್ರಿಕೆಯ ಪೂರ್ತಿ ಪುಟದಲ್ಲಿ "ಚಿರನಿದ್ರೆಗೆ ಜಾರಿದ ನಮ್ಮ ದೊರೆಗೆ" ಎಂದು ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸಿ, ಕೆಳಗೆ ಅಂಗಡಿಯ ವಿಳಾಸ ಕೊಟ್ಟಿತು. ಬೀದಿಯ ಕ್ಷೌರದಂಗಡಿಯವನು ನಗುನಗುತ್ತಾ ಬಂದ ಗಿರಾಕಿಗಳನ್ನು ಬಾಗಿಲಲ್ಲೇ ತಡೆದು, ಮುಖ ಸರಿಮಾಡಿಕೊಂಡ ಮೇಲೆ ಒಳಗೆ ಬಿಟ್ಟ. ದೌಡಣ್ಣನ ವಠಾರದಲ್ಲಿ ಮೇಲಿನ ಮನೆಯವರು ಬಾಲ್ಕನಿಗೆ ಕಪ್ಪು ಟವಲು ಕಟ್ಟಿದರು. ಅದನ್ನು ನೋಡಿ ಕೆಳಗಿನ ಮನೆಯವರು ಕಪ್ಪು ಚಾದರವನ್ನೇ ಇಳಿಬಿಟ್ಟರು. ಮೇಲಿನವರು ಸುಮ್ಮನಿರುತ್ತಾರೆಯೇ? ಮಾರನೆಯ ಬೆಳಿಗ್ಗೆ ಕಿಟಕಿ ಪರದೆಗಳನ್ನೆಲ್ಲ ಕಪ್ಪು ಬಣ್ಣದಲ್ಲಿ ಅದ್ದಿ ನೇತುಹಾಕಿದರು. ಬಣ್ಣ ಸೋರಿ ಕೆಳಗಿನವರ ಚಾದರದ ಮೇಲೆ ತೊಟ್ಟಿಕ್ಕಿತು, ಆದರೆ ಅದೂ ಕಪ್ಪೇ ಆದ್ದರಿಂದ ಜಗಳಕ್ಕೆ ಆಧಾರ ಸಿಗಲಿಲ್ಲ.

ದೌಡಣ್ಣನ ಮನೆಯಲ್ಲಿ ಇದ್ದದ್ದು ಮೂರೇ ಜನ, ಅವನು, ಹೆಂಡತಿ, ಹೆಂಡತಿಯ ತಾಯಿ. ಅತ್ತೆಗೆ ಮಂಡಿ ನೋವು. ಹಾಗಾಗಿ ಅಳಿಯ ಹಳೇ ಆಫೀಸೊಂದರ ಗಾಲಿ ಕುರ್ಚಿ ತಂದುಕೊಟ್ಟಿದ್ದ. ಆಕೆ ಅದರಲ್ಲಿ ಕೂತು ಕಾಲಲ್ಲಿ ನೆಲ ಒದೆಯುತ್ತಾ ಅಡುಗೆಮನೆಯಿಂದ ಟೀವಿಗೂ ಟೀವಿಯಿಂದ ಅಡುಗೆಮನೆಗೂ ಸಂಚರಿಸುತ್ತಿದ್ದರು. "ಎಲ್ರೂ ಅಳ್ತಿದಾರೆ, ನನಗ್ಯಾಕೋ ಬರ್ತಾನೇ ಇಲ್ಲ," ಎಂದು ಆಕೆ ಎರಡನೆಯ ದಿನ ಗಾಬರಿಯಿಂದ ಹೇಳಿದರು. "ಕಣ್ಣಿನ ಡಾಕ್ಟರಿಗೆ ತೋರಿಸ್ಬೇಕೇನೋ."

ನಿಜ ಹೇಳಬೇಕೆಂದರೆ ದೌಡಣ್ಣನಿಗೂ ಬಂದಿರಲಿಲ್ಲ. ದೊರೆ ಒಳ್ಳೆಯವರೇ, ನಾಣ್ಯದ ಮೇಲೆ, ಅಂಚೆಚೀಟಿಯ ಮೇಲೆ ದಿನಾ ನೋಡಿದ ಮುಖ. ಆದರೆ ನಾಣ್ಯದ ಮುಖಕ್ಕಾಗಿ ಅಳುವುದು ಹೇಗೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಟೀವಿಯಲ್ಲಿ ಬೀದಿಯಲ್ಲಿ ಹೋಗುವವರನ್ನೆಲ್ಲ ತಡೆದು "ನಿಮಗೆ ಹೇಗನ್ನಿಸುತ್ತಿದೆ?" ಎಂದು ಕೇಳುತ್ತಿದ್ದರು. ಅದೇ ಪ್ರಶ್ನೆ ತನಗೆ ಬಂದರೆ ಏನು ಹೇಳುವುದೆಂದು ಹೆದರಿ ಅವನು ಸುತ್ತುದಾರಿಯಲ್ಲಿ ಮನೆಗೆ ಬರುತ್ತಿದ್ದ.

ಅಂತ್ಯಯಾತ್ರೆಗೆ ಎರಡು ದಿನ ಇರುವಾಗ ಚಾನೆಲ್ಲಿನ ಸುದ್ದಿ ಮುಖ್ಯಸ್ಥೆಯಿಂದ ಫೋನು ಬಂತು. ಎಲ್ಲರೂ ಆಕೆಯನ್ನು ಮೇಡಂ ಎಂದಷ್ಟೇ ಕರೆಯುತ್ತಿದ್ದರು. ಆಕೆ ಕೂಗಿದರೆ ಕಟ್ಟಡದ ಲಿಫ್ಟು ತಾನಾಗಿಯೇ ಕೆಳಗೆ ಬರುತ್ತದೆ ಎಂಬ ಖ್ಯಾತಿ.

"ಕಂಚಿನ ಗಂಟಲು ಕೆಟ್ಟಿದೆ," ಅಂದರು ಮೇಡಂ.

ಕಂಚು ಎಂದರೆ ಚಾನೆಲ್ಲಿನ ಹಿರಿಯ ನಿರೂಪಕ. ರಾಜಮನೆತನದ ಮದುವೆ, ಸಾವು, ಬಾಣಂತನ ಎಲ್ಲಕ್ಕೂ ಅವರದೇ ಗಂಭೀರ ದನಿ. ಸುದ್ದಿ ಬಂದ ದಿನದಿಂದ ನಿಲ್ಲಿಸದೆ ಶೋಕಿಸಿ ಶೋಕಿಸಿ ಅವರ ಗಂಟಲಿನಿಂದ ಈಗ ಕೋಳಿಮರಿಯ ದನಿಯಷ್ಟೇ ಹೊರಡುತ್ತಿತ್ತು.

"ಅಯ್ಯೋ ಪಾಪ ಬಿಸಿನೀರಿಗೆ ಉಪ್ಪು ಹಾಕ್ಕೊಂಡು ಮುಕ್ಕಳಿಸೋಕೆ ಹೇಳಿ ಮೇಡಂ ನಮ್ಮತ್ತೆಗೂ ಹಿಂಗೇ ಆಗಿತ್ತು."

"ಅಂತ್ಯಯಾತ್ರೆ ಕಾಮೆಂಟರಿ ನೀವು ಮಾಡ್ಬೇಕು."

ದೌಡಣ್ಣ ಮದುವೆಯಾದ ಮೇಲೆ ಮೊದಲ ಸಲ ಮಾತಿಲ್ಲದೆ ನಿಂತದ್ದನ್ನು ನೋಡಿ ಹೆಂಡತಿ ಓಡಿಬಂದು ಅವನ ಎದೆ ನೀವಿದಳು.

"ನೋಡಿ," ಅಂದರು ಮೇಡಂ, "ನನ್ನ ಹತ್ರ ಇರೋರೆಲ್ಲ ಕಾಗದ ನೋಡಿ ಓದೋರು. ಕಣ್ಣೆದುರು ನಡೀತಿರೋದನ್ನ ನೋಡ್ಕೊಂಡು ಗಂಟೆಗಟ್ಟಲೆ ಮಾತಾಡೋಕೆ ಬರೋದು ಕಂಚಿಗೆ ಬಿಟ್ರೆ ನಿಮಗೇ. ಮೇಲಾಗಿ ಗಾಡಿ ಎಳೆಯೋದು ಕುದುರೆಗಳು. ನಿಮಗೆ ಅಭ್ಯಾಸ ಇದೆ. ಒಂದೇ ಒಂದು ಮಾತು ನೆನಪಿಟ್ಕೊಳ್ಳಿ. ನಿಧಾನ. ಏನು?"

"ನಿಧಾನ," ಅಂದ ದೌಡಣ್ಣ.

"ಈಗ ಹೇಳಿದ್ರಲ್ಲ, ಅದರ ಅರ್ಧ ವೇಗದಲ್ಲಿ."

ಆ ಸಂಜೆಯೇ ತಾಲೀಮು ಶುರುವಾಯಿತು. ಹೆಂಡತಿ ಸೋಫಾ ಗೋಡೆಗೆ ತಳ್ಳಿ ಹಾಲಿನ ಉದ್ದಕ್ಕೂ ರಾಜಬೀದಿ ಮಾಡಿದಳು. ಗಾಲಿ ಕುರ್ಚಿ ದೊರೆಯ ಗಾಡಿ. ಅದರಲ್ಲಿ ಕೂತಿದ್ದ ಅತ್ತೆಯನ್ನು ಇಳಿಸಿದರೆ ಕುರ್ಚಿಗೆ ತೂಕ ಸಾಲದೆ ಅಂಕುಡೊಂಕು ಹೋಗುತ್ತಿತ್ತು, ಹಾಗಾಗಿ ಅತ್ತೆ ಕೂತೇ ಇರಬೇಕಾಯಿತು.

"ನಾನೇನು ಹೆಣಾನಾ?" ಅಂದರು ಅತ್ತೆ.

"ಪಾರ್ಥಿವ ಶರೀರ ಅಮ್ಮ," ಅಂದಳು ಮಗಳು, ಕುರ್ಚಿಯನ್ನು ಇಂಚಿಂಚಾಗಿ ತಳ್ಳುತ್ತಾ. "ರೀ, ಶುರು ಮಾಡ್ರಿ."

"ಇದೋ ಬಂತು ಗಾಡಿ ಫ್ರಿಜ್ ದಾಟಿತು ಒಳಗಿನ ಸಾಲು ಹಿಡಿದಿದೆ ಊಟದ ಮೇಜಿನ ಪಕ್ಕ ಒಳ್ಳೇ ಜಾಗ ಸಿಕ್ಕಿದೆ..."

"ಅಮ್ಮ ಇನ್ನೂ ಫ್ರಿಜ್ ಹತ್ರಾನೇ ಇದಾರೆ!"

ಮತ್ತೆ ಮೊದಲಿಂದ. ಹೆಂಡತಿ ಉಪಾಯವೊಂದನ್ನು ಕಂಡುಹಿಡಿದಳು. ಅವನ ಬಾಯಿಗೆ ಒಂದು ಗುಟುಕು ನೀರು ಹಾಕುವುದು. ಪ್ರತಿ ವಾಕ್ಯಕ್ಕೂ ಮುಂಚೆ ಅದನ್ನು ಸಾವಕಾಶವಾಗಿ ನುಂಗಿ ಆಮೇಲೆ ಮಾತಾಡುವುದು. ಹೀಗೆ ಮಾಡಿದಾಗ ಮಾತು ನಿಜಕ್ಕೂ ನಿಧಾನವಾಯಿತು. ಅತ್ತೆಯ ಸವಾರಿ ಬಚ್ಚಲುಮನೆಯ ಬಾಗಿಲು ಮುಟ್ಟುವಷ್ಟರಲ್ಲಿ ದೌಡಣ್ಣ ಎರಡು ಜಗ್ಗು ನೀರು ಖಾಲಿ ಮಾಡಿದ್ದ. ಅತ್ತೆಗೂ ಪಾತ್ರ ಹಿಡಿಸಿತ್ತು. ಕಣ್ಣು ಮುಚ್ಚಿ, ಎದೆಯ ಮೇಲೆ ಕೈ ಜೋಡಿಸಿ, "ಇನ್ನೊಂದು ಸುತ್ತು ಹೋಗೋಣ, ಈ ಸಲ ಹೂವು ಹಾಕ್ರಿ," ಅಂದರು.

ಅಂತ್ಯಯಾತ್ರೆಯ ಬೆಳಿಗ್ಗೆ ದೌಡಣ್ಣನನ್ನು ರಾಜಬೀದಿಯ ಹಳೇ ಗ್ರಂಥಾಲಯದ ಮಹಡಿಯಲ್ಲಿ, ಹಲಗೆ ಹೊಡೆದು ಮಾಡಿದ್ದ ಗೂಡಿನಲ್ಲಿ ಕೂರಿಸಿದರು. ಎದುರಿಗೆ ತೆರೆದ ಕಿಟಕಿ, ಅದರಾಚೆ ಇಡೀ ಬೀದಿ. ಮೇಜಿನ ಮೇಲೆ ಮೈಕು, ಜನ ಮನೆಯಲ್ಲಿ ನೋಡುತ್ತಿರುವ ಚಿತ್ರವನ್ನೇ ತೋರಿಸುವ ಪುಟ್ಟ ಟೀವಿ, ಮತ್ತು ನೀರಿನ ದೊಡ್ಡ ಬಾಟಲಿ. ಕಿವಿಗೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ ಮೇಡಂ. ಪಕ್ಕದ ಕುರ್ಚಿಯಲ್ಲಿ ಅರಮನೆಯ ಅಧಿಕಾರಿ. ಆ ಮನುಷ್ಯ ಎಷ್ಟು ನೆಟ್ಟಗೆ ಕೂತಿದ್ದನೆಂದರೆ ಕುರ್ಚಿಯ ಬೆನ್ನಿಗೂ ಅವನ ಬೆನ್ನಿಗೂ ಪರಿಚಯವೇ ಇದ್ದಂತಿರಲಿಲ್ಲ.

"ಗಾಡಿ ಅನ್ನಬಾರದು, ವಾಹನ," ಅಂದ ಅಧಿಕಾರಿ. "ಗುಂಪು ಅನ್ನಬಾರದು, ಜನಸ್ತೋಮ. ಕುದುರೆ ಅನ್ನಬಾರದು."

"ಕುದುರೆಗೇನನ್ಬೇಕು?"

"ಅಶ್ವ."

ದೌಡಣ್ಣ ಕಿಟಕಿಯಿಂದ ಬಗ್ಗಿ ನೋಡಿದ. ದೂರದಲ್ಲಿ ಆರು ಕಪ್ಪು ಅಶ್ವಗಳು ಎಲ್ಲ ಕುದುರೆಗಳ ಹಾಗೆಯೇ ಬಾಲ ಬೀಸಿ ನೊಣ ಓಡಿಸುತ್ತಿದ್ದವು.

ಮೆರವಣಿಗೆ ಹೊರಟಿತು. ದೌಡಣ್ಣ ನೀರು ಗುಟುಕರಿಸಿದ, ನುಂಗಿದ, ಹೇಳಿದ: "ಅರಮನೆಯ ಮಹಾದ್ವಾರ... ತೆರೆಯುತ್ತಿದೆ." ಮತ್ತೆ ಗುಟುಕು. "ವಾಹನ... ಹೊರಬರುತ್ತಿದೆ." ಕಿವಿಯಲ್ಲಿ ಮೇಡಂ, "ಭೇಷ್! ಹೀಗೇ ಇರಲಿ," ಅಂದರು. ಮನೆಯಲ್ಲಿ ಹೆಂಡತಿ ಟೀವಿಯ ಮುಂದೆ ಗಂಡನ ಜೊತೆಗೇ ಉಗುಳು ನುಂಗುತ್ತಿದ್ದಳು. ಸೇನಾಪತಿಗಳು ಬಂದರು, ಪ್ರಧಾನಿ ಬಂದರು, ಕೆಂಪು ನಿಲುವಂಗಿಯ ನ್ಯಾಯಮೂರ್ತಿಗಳು ಬಂದರು, ಬೇರೆ ಬೇರೆ ದೇಶಗಳ ರಾಯಭಾರಿಗಳು ಬಂದರು. ಎಲ್ಲರಿಗಿಂತ ಮುಂದೆ, ಗಾಡಿಯ ಹಿಂದೆಯೇ, ಕೋಲೂರಿಕೊಂಡು ದೊರೆಯ ತಮ್ಮ. ಅವರಿಗೂ ಎಂಬತ್ತರ ಹತ್ತಿರ. ಕಾರು ಬೇಡ, ಅಣ್ಣನ ಹಿಂದೆ ನಡೆದೇ ಬರುತ್ತೇನೆ ಎಂದು ಹಟ ಹಿಡಿದಿದ್ದರಂತೆ. ಅವರ ಮುಖದಲ್ಲಿ ಮಾತ್ರ ಅಳುವೂ ಇರಲಿಲ್ಲ, ಏನೂ ಇರಲಿಲ್ಲ, ಮರದಲ್ಲಿ ಕೆತ್ತಿದಂತಿತ್ತು.

ಎಲ್ಲವೂ ಸುಸೂತ್ರವಾಗಿ ನಡೆಯುತ್ತಿತ್ತು. ಗಾಡಿ ಗ್ರಂಥಾಲಯದ ಎದುರಿಗೆ ಬರುವವರೆಗೆ.

ಅಲ್ಲಿ ರಸ್ತೆಯ ಅಂಚಿನಲ್ಲಿ ಆ ಹಾಸಿಗೆ ಕಂಪನಿಯವರು ಆಳೆತ್ತರದ ಹೂವಿನ ಚಕ್ರವೊಂದನ್ನು ನಿಲ್ಲಿಸಿದ್ದರು. ಮುಂದಿನ ಜೋಡಿಯ ಎಡಗಡೆಯ ಕುದುರೆ ಅದನ್ನು ನೋಡಿತು. ನಿಂತಿತು. ಕತ್ತು ಚಾಚಿ ಒಂದು ಹೂವು ತಿಂದಿತು. ರುಚಿಯಾಗಿತ್ತೆಂದು ಕಾಣುತ್ತದೆ, ಇನ್ನೊಂದಕ್ಕೆ ಬಾಯಿ ಹಾಕಿತು. ಕುದುರೆಯಾಳು ಲಗಾಮು ಜಗ್ಗಿದ, ಬೇಡಿಕೊಂಡ, ಹಲ್ಲು ಕಚ್ಚಿ ಕಿವಿಯಲ್ಲಿ ಏನೋ ಬೈದ. ಕುದುರೆ ಅಗಿಯುತ್ತಲೇ ಅವನನ್ನು ನೋಡಿತು. ಅದರ ಹಿಂದೆ ಇಡೀ ಸರ್ಕಾರ ನಿಂತುಬಿಟ್ಟಿತು.

"ಕ್ಯಾಮೆರಾ ತಿರುಗಿಸಿ! ತಿರುಗಿಸಿ!" ಕಿವಿಯಲ್ಲಿ ಮೇಡಂ ಕಿರುಚಿದರು. ಪುಟ್ಟ ಟೀವಿಯಲ್ಲಿ ಚಿತ್ರ ಗಿರಕಿ ಹೊಡೆದು ಎದುರಿನ ಮರವೊಂದರ ಮೇಲೆ ನಿಂತಿತು. ಸಾಧಾರಣ ಮರ, ಕೊಂಬೆಯ ಮೇಲೆ ಒಂದು ಕಾಗೆ. "ದೌಡು, ಮಾತಾಡ್ತಾ ಇರಿ. ಕುದುರೆ ವಿಷಯ ಎತ್ಬೇಡಿ."

"ಅಶ್ವ," ಎಂದು ಪಿಸುಗುಟ್ಟಿದ ಅಧಿಕಾರಿ.

ದೌಡಣ್ಣ ನೀರು ಗುಟುಕರಿಸಿದ. "ಇದು... ಒಂದು ಮರ," ಅಂದ. ಇಡೀ ದೇಶ ಕಿವಿಗೊಟ್ಟು ಕೇಳಿತು. "ದೊರೆಗಳು... ಅನೇಕ ಸಲ... ಈ ಮರದ ಮುಂದೆ ಹಾದುಹೋಗಿದ್ದಾರೆ." ಕೆಳಗೆ ಕುದುರೆ ಚಕ್ರದ ಕಾಲುಭಾಗ ಮುಗಿಸಿತ್ತು. "ಮರಕ್ಕೆ... ಎಲೆಗಳಿವೆ. ಹಸಿರು ಎಲೆಗಳು. ನಿಮಗೆ ಕಪ್ಪಾಗಿ ಕಾಣುತ್ತಿರಬಹುದು." ನೀರಿನ ಬಾಟಲಿ ಖಾಲಿಯಾಗುತ್ತಾ ಬಂದಿತ್ತು. "ಕೊಂಬೆಯ ಮೇಲೆ ಕಾಗೆಯೊಂದು... ಅದೂ ಶೋಕದ ಉಡುಪಿನಲ್ಲೇ ಬಂದಿದೆ."

ಕುದುರೆ ಅರ್ಧ ಚಕ್ರ ಮುಗಿಸಿ, ಹಾಸಿಗೆ ಕಂಪನಿಯ ಹೆಸರಿದ್ದ ಪಟ್ಟಿಯನ್ನು ಬಾಯಿಗೆ ತೆಗೆದುಕೊಂಡಿತ್ತು. ಅಷ್ಟರಲ್ಲಿ, ಮೆರವಣಿಗೆ ವೇಳೆಗೆ ಸರಿಯಾಗಿ ನಡೆದಿದ್ದರೆ ಸೇತುವೆಯ ಹತ್ತಿರ ಕೇಳಿಸಬೇಕಾಗಿದ್ದ ಗೌರವದ ತೋಪು ಇಲ್ಲೇ ಢಂ ಎಂದು ಮೊಳಗಿತು.

ಕುದುರೆ ನೆಗೆಯಿತು. ಉಳಿದ ಐದಕ್ಕೂ ಅದು ಅಪ್ಪಣೆಯಾಯಿತು. ಆರೂ ಒಂದೇ ಹೆಜ್ಜೆಯಲ್ಲಿ, ಕುದುರೆಯಾಳನ್ನು ಲಗಾಮಿಗೆ ಜೋತಾಡಿಸಿಕೊಂಡು, ರಾಜಬೀದಿಯ ಇಳಿಜಾರಿನಲ್ಲಿ ದುಡುದುಡು ಓಡತೊಡಗಿದವು. ಗಾಡಿ ಹಿಂದೆ. ಒಂದು ಕ್ಷಣ ಎಲ್ಲ ಗಣ್ಯರೂ ನಿಂತಲ್ಲೇ ನಿಂತರು. ದೊರೆಯ ಹಿಂದೆ ಹೋಗಬೇಕಾದವರು ದೊರೆಯನ್ನೇ ಕಳೆದುಕೊಳ್ಳುವಂತಿಲ್ಲವಲ್ಲ. ಅವರೂ ಓಡಿದರು.

ದೌಡಣ್ಣನ ಬಾಯಲ್ಲಿ ಆಗಷ್ಟೇ ಹಾಕಿಕೊಂಡ ನೀರಿತ್ತು. ಅದನ್ನು ನುಂಗುವುದನ್ನೂ ಮರೆತ. ನೀರು ಅಧಿಕಾರಿಯ ಪದಕಗಳ ಮೇಲೆ ಹೋಯಿತು. ವಾರದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದದ್ದೆಲ್ಲ ಒಮ್ಮೆಗೇ ಕಿತ್ತುಕೊಂಡು ಬಂತು.

"ಹೊರಟ್ರೂ! ಹೊರಟೇಬಿಟ್ರು! ದೊರೆ ಮುಂದೆ, ದೊರೆ ಸುಲಭವಾಗಿ ಮುಂದೆ, ಹಿಂದೆ ಸೇನಾಪತಿಗಳು ಕತ್ತಿ ಕಾಲಿಗೆ ಸಿಕ್ಕಿದೆ, ಸಿಕ್ಕಿದೆ, ಬಿಡಿಸ್ಕೊಂಡ್ರು! ಹೊರಗಿನ ಸಾಲಿಂದ ಹಣಕಾಸು ಮಂತ್ರಿಗಳು, ಏನಿದು, ಹಣಕಾಸು ಮಂತ್ರಿಗಳು ಇಂಥಾ ಓಟ ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರು! ಪ್ರಧಾನಿಗೆ ಉಸಿರು ಸಾಲ್ತಿಲ್ಲ, ಪ್ರಧಾನಿ ಬಿದ್ದುಹೋಗ್ತಾರಾ, ಇಲ್ಲ, ವಿರೋಧ ಪಕ್ಷದವರ ಕೋಟು ಹಿಡ್ಕೊಂಡ್ರು, ಇಬ್ರೂ ಜೊತೆಗೇ! ನ್ಯಾಯಮೂರ್ತಿಗಳು ನಿಲುವಂಗಿ ಮಂಡಿ ಮೇಲೆತ್ತಿದಾರೆ, ಒಳ್ಳೇ ಕಾಲು, ಒಳ್ಳೇ ಕಾಲು! ರಾಯಭಾರಿಗಳು ಒಂದೇ ಗುಂಪಲ್ಲಿ, ಯಾರೂ ಯಾರಿಗೂ ದಾರಿ ಬಿಡ್ತಿಲ್ಲ..."

"ನಿಲ್ಸಿ!" ಅಂದರು ಮೇಡಂ ಕಿವಿಯಲ್ಲಿ. "ಕ್ಯಾಮೆರಾ! ಕ್ಯಾಮೆರಾ ಏನಾಯ್ತು?" ಕ್ಯಾಮೆರಾದವನು ಬಾಯಿ ಬಿಟ್ಟುಕೊಂಡು ಬೀದಿ ನೋಡುತ್ತಾ ತನ್ನ ಕ್ಯಾಮೆರಾವನ್ನು ಮರದ ಮೇಲೇ ಮರೆತಿದ್ದ. ದೇಶದ ಮನೆಮನೆಯಲ್ಲೂ ಕಾಣುತ್ತಿದ್ದದ್ದು ಒಂದು ಮರ, ಒಂದು ಕಾಗೆ. ಕೇಳುತ್ತಿದ್ದದ್ದು ದೌಡಣ್ಣ.

ಅಷ್ಟರಲ್ಲಿ ದೌಡಣ್ಣನಿಗೆ ದೊರೆಯ ತಮ್ಮ ಕಂಡರು. ಅವರು ಕೋಲನ್ನು ಬಿಸಾಡಿ ಓಡುತ್ತಿದ್ದರು. ಓಟವೆಂದರೆ ಓಟವಲ್ಲ, ಮುದುಕರು ಮಳೆ ಬಂದಾಗ ಒಣಗಿದ ಬಟ್ಟೆ ತರಲು ಹೋಗುತ್ತಾರಲ್ಲ, ಹಾಗೆ. ಆದರೂ ಮೊದಲು ಹಿಂದೆ ಬಿದ್ದಿದ್ದವರು ಈಗ ಸೇನಾಪತಿಗಳ ಸಮಕ್ಕೆ ಬಂದಿದ್ದರು. ಕೆತ್ತಿದಂತಿದ್ದ ಮುಖ ಒಡೆದುಹೋಗಿತ್ತು. ಬಾಯಿ ತೆರೆದು ಏನೋ ಕೂಗುತ್ತಿದ್ದರು. ಕಿಟಕಿ ತೆರೆದೇ ಇದ್ದದ್ದರಿಂದ ದೌಡಣ್ಣನಿಗೆ ಕೇಳಿಸಿತು.

"ಒಳಗಿನ ಸಾಲಲ್ಲಿ ದೊರೆಯ ತಮ್ಮ ಬರ್ತಿದಾರೆ," ಅಂದ. "ಸೇನಾಪತಿಗಳನ್ನ ದಾಟಿದ್ರು. ಏನೋ ಕೂಗ್ತಿದಾರೆ. ಅಣ್ಣಾ ಅಂತಿದಾರೆ." ಅವನ ಮಾತು, ನೀರಿಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ, ತನಗೆ ತಾನೇ ನಿಧಾನವಾಯಿತು. "ಅಣ್ಣಾ, ನಿಲ್ಲೋ. ನಾನೂ ಬರ್ತೀನಿ, ನಿಲ್ಲೋ. ಹಂಗಂತಿದಾರೆ."

ಆಮೇಲೆ ಅವನು ಕಿಟಕಿಯಾಚೆ ಬಗ್ಗಿ ನೋಡಿದ. ಪರದೆಯ ಮೇಲೆ ಕಾಗೆ ಆ ಕೊಂಬೆಯಿಂದ ಈ ಕೊಂಬೆಗೆ ಬಂತು. ಇಳಿಜಾರು ಮುಗಿದು ಸೇತುವೆಯ ಏರು ಶುರುವಾದಲ್ಲಿ ಕುದುರೆಗಳಿಗೆ ಉತ್ಸಾಹ ಇಳಿಯಿತು, ಕುದುರೆಯಾಳು ನೆಲಕ್ಕೆ ಕಾಲೂರಿದ, ಗಾಡಿ ನಿಂತಿತು. ಮುದುಕರು ಏದುಸಿರು ಬಿಡುತ್ತಾ ಬಂದು ಶವಪೆಟ್ಟಿಗೆಯ ಮೇಲೆ ಎರಡೂ ಕೈ ಇಟ್ಟರು. ಭುಜ ಕುಲುಕುತ್ತಿತ್ತು. ನಗುತ್ತಿದ್ದರೋ ಅಳುತ್ತಿದ್ದರೋ ಅಷ್ಟು ದೂರದಿಂದ ದೌಡಣ್ಣನಿಗೆ ತಿಳಿಯಲಿಲ್ಲ.

"ಸಿಕ್ಕಿದ್ರು," ಅಂದ ಮೈಕಿನಲ್ಲಿ. "ಅಣ್ಣ ಸಿಕ್ಕಿದ್ರು."

ಪಕ್ಕಕ್ಕೆ ನೋಡಿದರೆ ಅರಮನೆಯ ಅಧಿಕಾರಿ ಮೊದಲ ಬಾರಿಗೆ ಕುರ್ಚಿಗೆ ಒರಗಿ ಕೂತು, ಒದ್ದೆಯಾದ ಪದಕಗಳನ್ನು ಒರೆಸಿಕೊಳ್ಳಬೇಕಾದ ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ.

ಉಳಿದ ದಾರಿ ಏನು ಹೇಳಿದನೆಂದು ದೌಡಣ್ಣನಿಗೆ ನೆನಪಿಲ್ಲ. ಕೆಲಸ ಹೋಯಿತು ಎಂಬುದೊಂದೇ ತಲೆಯಲ್ಲಿ. ಮನೆಗೆ ಬಂದು ಬಾಗಿಲು ತೆರೆದರೆ ಅತ್ತೆ ಗಾಲಿ ಕುರ್ಚಿಯಲ್ಲಿ ಕೂತು ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತಾ ಬಿಕ್ಕುತ್ತಿದ್ದರು. ಹೆಂಡತಿ ಒಂದು ಕೈಯಲ್ಲಿ ಅಮ್ಮನ ಬೆನ್ನು ಸವರುತ್ತಾ ಇನ್ನೊಂದು ಕೈಯಲ್ಲಿ ತನ್ನ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಅಯ್ಯೋ ತಪ್ಪಾಯ್ತು ಅತ್ತೆ, ದೊರೆ ಮೆರವಣಿಗೆ ಹಾಳು ಮಾಡ್ಬಿಟ್ಟೆ..."

"ದೊರೆ ಮನೆ ಹಾಳಾಗ!" ಅಂದರು ಅತ್ತೆ. "ನಮ್ಮಕ್ಕನೂ ಹಂಗೇ ಕಣಪ್ಪ. ಸ್ಕೂಲಿಗೆ ಹೋಗುವಾಗ ಒಂದು ದಿನ ನನಗೋಸ್ಕರ ನಿಲ್ಲಲಿಲ್ಲ ಮಹಾರಾಯ್ತಿ. ಮುಂದೆ ಮುಂದೆ. ನಾನು ಹಿಂದೆ ಓಡಬೇಕು. ಹೋಗುವಾಗಲೂ ಹಂಗೇ ಹೋದಳು, ಒಂದು ಮಾತು ಹೇಳದೆ." ಅಷ್ಟು ಹೇಳಿ ಮತ್ತೆ ಶುರುಮಾಡಿದರು. ಅಕ್ಕ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆಗ ಆಕೆ ಅತ್ತಿರಲಿಲ್ಲ, ಬಂದವರಿಗೆಲ್ಲ ಅಡುಗೆ ಮಾಡಿ ಬಡಿಸಿದ್ದರು. ದೌಡಣ್ಣ ನೆಲದ ಮೇಲೆ ಕುರ್ಚಿಯ ಪಕ್ಕ ಕೂತ. ಅವನ ಕಣ್ಣಲ್ಲೂ ನೀರು ಬಂತು. ಯಾರಿಗಾಗಿ ಎಂದು ಯಾರೂ ಕೇಳಲಿಲ್ಲ.

ಮಾರನೆಯ ದಿನದಿಂದ ಊರು ಎರಡು ಪಾಲಾಯಿತು. ಪತ್ರಿಕೆಗಳು "ನಾಡಿಗೆ ನಾಚಿಕೆ" ಎಂದು ಬರೆದವು. ಚಾನೆಲ್ಲಿಗೆ ಬಂದ ಫೋನುಗಳಲ್ಲಿ ಅರ್ಧ ಅವನನ್ನು ಗಲ್ಲಿಗೇರಿಸಲು ಹೇಳಿದರೆ ಉಳಿದರ್ಧ ಅದನ್ನು ಮತ್ತೊಮ್ಮೆ ಹಾಕಿ ಎಂದು ಕೇಳಿದವು. ಕೆಲವರು ಎರಡನ್ನೂ ಕೇಳಿದರು. ಮುಖ್ಯ ಸಮಸ್ಯೆಯೆಂದರೆ ಬೀದಿಯಲ್ಲಿ ನಿಂತಿದ್ದವರನ್ನು ಬಿಟ್ಟರೆ ಆ ಓಟವನ್ನು ಯಾರೂ ನೋಡಿರಲಿಲ್ಲ. ಆದರೂ ಎಲ್ಲರಿಗೂ ನೋಡಿದ ಹಾಗೆಯೇ ನೆನಪಿತ್ತು. ಕ್ಷೌರದಂಗಡಿಯಲ್ಲಿ, ಮುಖಕ್ಕೆ ನೊರೆ ಹಚ್ಚಿಸಿಕೊಂಡವರು ಎದ್ದು ನಿಂತು, ನ್ಯಾಯಮೂರ್ತಿಗಳೇ ಮೊದಲು, ಅಲ್ಲ, ಹಣಕಾಸು ಮಂತ್ರಿಗಳು ಎಂದು ವಾದಿಸಿದರು. ಆ ಮರದ ಕೆಳಗೆ ಜನ ಹೂವಿಟ್ಟು ಹೋದರು.

ಹದಿನೈದು ದಿನ ಕಳೆದ ಮೇಲೆ ವಿಚಾರಣೆ. ಉದ್ದನೆಯ ಮೇಜಿನ ಆಚೆ ವಿಚಾರಣಾ ಸಮಿತಿಯ ಮೂವರು, ನಡುವೆ ಅಧ್ಯಕ್ಷರು. ಪಕ್ಕದಲ್ಲಿ ಮೇಡಂ, ಬಾಗಿಲ ಬಳಿ ಗಂಟಲು ವಾಪಸು ಬಂದಿದ್ದ ಕಂಚು. ಧ್ವನಿಮುದ್ರಣ ಹಾಕಿದರು. "ಒಳ್ಳೇ ಕಾಲು, ಒಳ್ಳೇ ಕಾಲು" ಬಂದಾಗ ಬಲಗಡೆಯ ಸದಸ್ಯರಿಗೆ ಕೆಮ್ಮು ಬಂತು. ಅವರು ಕೆಮ್ಮುತ್ತಲೇ ಎದ್ದು ಹೊರಗೆ ಹೋದರು, ಕಾರಿಡಾರಿನಲ್ಲಿ ಬಹಳ ಹೊತ್ತು ಕೆಮ್ಮಿದರು. ಅಧ್ಯಕ್ಷರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ನಿಮಗೆ ನಿಧಾನವಾಗಿ ಮಾತಾಡಿ ಅಂತ ಹೇಳಿದ್ರೋ ಇಲ್ವೋ?"

"ಹೇಳಿದ್ರು ಸಾರ್ ಅಭ್ಯಾಸಾನೂ ಮಾಡಿದ್ದೆ ಸಾರ್ ನಮ್ಮತ್ತೇನ ಕುರ್ಚೀಲಿ ಕೂರಿಸ್ಕೊಂಡು ಮನೆಯೆಲ್ಲ ಮೆರವಣಿಗೆ..."

"ಸಾಕು," ಅಂದರು ಅಧ್ಯಕ್ಷರು. ಪೆನ್ನಿಗೆ ಮುಚ್ಚಳ ಹಾಕಿದರು. ಮೇಜಿನ ಮೇಲೆ ಮುಂದಕ್ಕೆ ಬಾಗಿ, ದನಿ ತಗ್ಗಿಸಿ, "ಇದು ದಾಖಲೆಗಲ್ಲ. ಮುದುಕರು ಸೇನಾಪತಿನ ದಾಟಿದ್ದು ನಿಜಾನಾ?" ಎಂದು ಕೇಳಿದರು.

"ಎರಡು ಮಾರು ಅಂತರದಲ್ಲಿ ಸಾರ್."

"ನಾನು ಹೇಳ್ಲಿಲ್ವಾ?" ಎಂದು ಅಧ್ಯಕ್ಷರು ಎಡಗಡೆಯ ಸದಸ್ಯರ ಕಡೆ ತಿರುಗಿದರು. ಆ ಸದಸ್ಯರು ಮುಖ ಕಿವುಚಿಕೊಂಡರು.

ತೀರ್ಪು ಆ ಮಧ್ಯಾಹ್ನವೇ ಬಂತು. ಒಂದು ತಿಂಗಳು ಕೆಲಸದಿಂದ ದೂರ. ಮುಂದೆ ಯಾವ ಕಾಲಕ್ಕೂ, ಯಾರೇ ಸತ್ತರೂ, ಇವರನ್ನು ಮೈಕಿನ ಹತ್ತಿರ ಬಿಡತಕ್ಕದ್ದಲ್ಲ. ದೌಡಣ್ಣ ಕೈ ಮುಗಿದು ಹೊರಬಂದ. ಬಾಗಿಲಲ್ಲಿ ಕಂಚು ಅವನನ್ನು ತಡೆದು ನಿಲ್ಲಿಸಿದರು. ಬೈಯುತ್ತಾರೆಂದು ಅವನು ತಲೆ ತಗ್ಗಿಸಿದ.

"ನಾನಾಗಿದ್ರೆ ಆ ಮರದ ಬಗ್ಗೆ ಅಷ್ಟು ಹೊತ್ತು ಮಾತಾಡೋಕೆ ಆಗ್ತಿರ್ಲಿಲ್ಲ," ಅಂದರು ಕಂಚು, ತಮ್ಮ ಗಂಭೀರ ದನಿಯಲ್ಲಿ. "ಅದು ಯಾವ ಮರ?"

"ಗೊತ್ತಿಲ್ಲ ಸಾರ್," ಅಂದ ದೌಡಣ್ಣ, ಮತ್ತು ಬಸ್ಸು ತಪ್ಪೀತೆಂದು ಮೆಟ್ಟಿಲು ಇಳಿದು ಓಡಿದ.